ಏಳು ಮಹಡಿ ಇಳಿದು ಹಾಕಿದ ಓಟು

ವಾರ್ಡಿನ ಮೆಂಬರನ್ನು ಜನ ಗಟ್ಟಿಗಿತ್ತಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಒಂದು ಬೇಸಿಗೆಯಲ್ಲಿ ಹನ್ನೊಂದು ದಿನ ನೀರು ಬಿಡದೆ ಅಧಿಕಾರಿಗಳು ಫೈಲು ತಿರುವುತ್ತ ಕೂತಿದ್ದಾಗ, ಆಕೆ ಸುತ್ತಿಗೆ ಹಿಡಿದು ಹೋಗಿ ಟ್ಯಾಂಕಿನ ಬೀಗ ಒಡೆದಿದ್ದಳು. ಪೊಲೀಸರು ಬಂದರೆ, "ಒಡೆದಿದ್ದು ನಾನೇ, ಬರ್ಕೊಳ್ಳಿ" ಎಂದು ತಾನೇ ಜೀಪು ಹತ್ತಿದಳು. ಲಾಕಪ್ಪಿನಿಂದ ಬಂದವಳಿಗೆ ಓಟು ದುಪ್ಪಟ್ಟಾಯಿತು. ಕಾನೂನು ಮುರಿದವಳಿಗೆ ಓಟೇ ಎಂದು ಮೂಗು ಮುರಿದವರೂ ಇದ್ದರು. ಅವರ ಮನೆಗೂ ಅದೇ ನೀರು ಬರುತ್ತಿತ್ತು, ಬಿಡಿ.

ಅದೇ ವಾರ್ಡಿನ ಒಂದು ಕಟ್ಟಡದ ಏಳನೇ ಮಹಡಿಯಲ್ಲಿದ್ದ ಲಿಫ್ಟ್ ಮೆಕ್ಯಾನಿಕ್‌ನ ಅಮ್ಮನಂತೂ ಗಟ್ಟಿಗಿತ್ತಿಯ ಮೇಲೆ ಒಂದು ಮಾತು ಬೀಳಗೊಡುತ್ತಿರಲಿಲ್ಲ. ಪಾಪ, ಮಂಡಿ ಸವೆದ ಹೆಂಗಸು. ಆ ಕಟ್ಟಡದ ಲಿಫ್ಟು ಕೆಟ್ಟು ಮೂರು ತಿಂಗಳು, ಆಕೆ ನೆಲ ಮುಟ್ಟಿಯೂ ಮೂರು ತಿಂಗಳು. "ಊರಿನ ಲಿಫ್ಟೆಲ್ಲ ನಿನ್ನ ಮಗನ ಕೈಲಿ, ನಿನಗೆ ಮಾತ್ರ ಕಿಟಕಿನೇ ಗತಿ" ಎಂದು ಪಕ್ಕದ ಮನೆಯವರು ಛೇಡಿಸುತ್ತಿದ್ದರು.

ಮಗ ಏನು ಮಾಡಿಯಾನು? ಖಾಲಿ ಲಿಫ್ಟು ನೆಟ್ಟಗೇ ಓಡುತ್ತಿತ್ತು. ಆರು ಜನರ ತೂಕದ ಮರಳುಚೀಲ ಹೇರಿದರೆ ಬ್ರೇಕು ಜಾರಿ, ಮಹಡಿಗಿಂತ ಎರಡಡಿ ಕೆಳಗೆ ಹೋಗಿ ನಿಲ್ಲುತ್ತಿತ್ತು. ಹೊಸ ಬ್ರೇಕು ಇನ್ನೂ ಬಂದಿರಲಿಲ್ಲ, ಅದು ಬರುವ ತನಕ ಒಬ್ಬರನ್ನೂ ಹತ್ತಿಸುವಂತಿರಲಿಲ್ಲ.

ಚುನಾವಣೆಗೆ ಮೂರು ದಿನ ಇರುವಾಗ ಗಟ್ಟಿಗಿತ್ತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಮನೆಗೇ ಬಂದಳು. ಕೈಯಲ್ಲಿ ಲಿಫ್ಟು ಸುರಕ್ಷಿತ ಎಂಬ ಕಾಗದ.

"ಇಲ್ಲೊಂದು ಸಹಿ ಹಾಕಪ್ಪ. ವಯಸ್ಸಾದವರೆಲ್ಲ ಇಳಿದು ಬಂದು ಓಟು ಹಾಕ್ಲಿ. ಬ್ರೇಕು ಆಮೇಲೆ ಹಾಕಿದ್ರಾಯ್ತು."

ಮೆಂಬರಿಗಿಂತ ಅವನು ಹೆದರಿದ್ದು ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ. ಆದರೂ ಹೇಳಿದ: "ಅಕ್ಕಾ, ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಸಹಿ ಹಾಕಿದವನೇ ಮೊದಲು ತುಂಬಿದ ಲಿಫ್ಟಲ್ಲಿ ನಿಂತು ಮೇಲಿಂದ ಕೆಳಗೆ ಹೋಗ್ಬೇಕು. ನಾನು ನಿಲ್ತೀನಿ. ನೀವೂ ಜೊತೆಗೆ ಬರ್ತೀರಾ?"

ಗಟ್ಟಿಗಿತ್ತಿ ಗಡಿಯಾರ ನೋಡಿಕೊಂಡಳು. "ನನಗೆ ಸಭೆ ಇದೆಯಪ್ಪ. ಏನಾದ್ರೂ ಆದ್ರೆ ನಾನು ನೋಡ್ಕೋತೀನಿ."

ಇನ್ನೇನು ಅಮ್ಮನ ಬೈಗುಳ ಬಿತ್ತು ಎಂದು ಮಗ ತಲೆ ತಗ್ಗಿಸಿದ.

"ಬೀಗ ಒಡೆದಾಗ ಸುತ್ತಿಗೆ ನಿನ್ನ ಕೈಲೇ ಇತ್ತಲ್ಲ ತಾಯಿ," ಅಮ್ಮ ಮೆಲ್ಲಗೆ ಕೇಳಿದಳು. "ಈಗ ಪೆನ್ನು ಯಾಕೆ ನನ್ನ ಮಗನ ಕೈಗೆ ಕೊಡ್ತಿದ್ದೀಯ?"

"ನಿಮಗೋಸ್ಕರಾನೇ ಅಲ್ವಾ ಅಮ್ಮ, ಇದೆಲ್ಲ?" ಎಂದಳು ಗಟ್ಟಿಗಿತ್ತಿ.

"ಗೊತ್ತು. ಅದಕ್ಕೇ ಸಂಕಟ ಆಗ್ತಿರೋದು."

ಗಟ್ಟಿಗಿತ್ತಿ ಕಾಗದ ಮಡಚಿಕೊಂಡು ಹೋದಳು.

ಓಟಿನ ದಿನ ಅಮ್ಮ ಹೊರಟೇಬಿಟ್ಟಳು. ಹೊತ್ತುಕೊಳ್ಳುತ್ತೇನೆ ಎಂದ ಮಗನನ್ನು ಗದರಿಸಿ, ಒಂದೊಂದೇ ಮೆಟ್ಟಿಲ ಮೇಲೆ ಕೂತು, ಜಾರಿ, ಮತ್ತೆ ಕೂತು, ಒಂದೂವರೆ ಗಂಟೆಯಲ್ಲಿ ಏಳು ಮಹಡಿ ಇಳಿದಳು. ಎಂಥ ಹೆಂಗಸಪ್ಪ! ಮಂಡಿ ಬಾತು ಕುಂಬಳಕಾಯಿಯಾಗಿತ್ತು, ಬಾಯಲ್ಲಿ ಒಂದು ನರಳಾಟವಿಲ್ಲ.

ಓಟು ಹಾಕಿ ಹೊರಗೆ ಬಂದಾಗ ಮಾತ್ರ ಆಕೆಯ ಕಣ್ಣು ತುಂಬಿತ್ತು. ಮಗ ಗಾಬರಿಯಿಂದ, ನೋಯುತ್ತಿದೆಯಾ ಎಂದು ಕೇಳಿದ.

"ಮಂಡಿ ಅಲ್ಲ ಕಣೋ," ಎಂದಳು. "ಹದಿನೈದು ವರ್ಷ ಅವಳಿಗೇ ಒತ್ತಿದ ಬೆರಳು. ಇವತ್ತೂ ಅಲ್ಲಿಗೇ ಹೋಗ್ತಿತ್ತು. ಹಿಡಿದು ಎಳ್ಕೊಂಡೆ."