ಬೆಂಕಿಕಡ್ಡಿಯಷ್ಟು ಜಾಗ

ಅಡಕತ್ತರಿಯಲ್ಲಿ ಗೋಟಡಿಕೆ ಹೋಳಾದಾಗ ಬರುತ್ತದಲ್ಲ, ಅಷ್ಟೇ ಸದ್ದು. ಬಟ್ಟೆ ಅಂಗಡಿಯಲ್ಲಿದ್ದ ನಾಲ್ಕೈದು ಜನ ಒಟ್ಟಿಗೇ ತಲೆಯೆತ್ತಿದರು. ಬೀರುವಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಹಾಗಿದ್ದೂ ಬಲಗಡೆಯ ಬಾಗಿಲಿನ ಗಾಜು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಸೀಳಿ ನಿಂತಿತ್ತು. ಒಳಗಿದ್ದ ಇಳಕಲ್ ಸೀರೆಯ ಸೆರಗು ಎರಡು ತುಂಡಾದಂತೆ ಕಾಣುತ್ತಿತ್ತು.

"ಮೂರಾಯ್ತು," ಎಂದರು ಗದ್ದಿಗೆಯ ಮೇಲೆ ಕೂತಿದ್ದ ಅಂಗಡಿಯ ಯಜಮಾನರು, ಷಣ್ಮುಖಪ್ಪ. ಬೈಯಲಿಲ್ಲ. ಬೈದಿದ್ದರೆ ಚಿತ್ತಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೀರು ಮಾಡಿದವನು ಚಿತ್ತಪ್ಪನೇ. ಮಳೆ ಹಿಡಿದಾಗಿನಿಂದ ಎಡಗಡೆಯ ಬಾಗಿಲು ಬಿಗಿಯಾಗಿದೆ, ಎಳೆದೆಳೆದು ತೆಗೆಯಬೇಕು ಎಂದು ಅವರು ಹೇಳಿಕಳಿಸಿದ್ದರು. ಅಂಚನ್ನು ಒಂದಿಷ್ಟು ಉಜ್ಜಿ ಕೊಡೋಣವೆಂದು ಉಜ್ಜುಗೊರಡು ಹಿಡಿದು ಬಂದಿದ್ದ. ಈಗ ಅದನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಅವಚಿಕೊಂಡು ನಿಂತ.

ಅದು ಎಪ್ಪತ್ತೊಂಬತ್ತನೇ ಇಸವಿಯ ಆಷಾಢ. ಚಿತ್ತಪ್ಪ ಜಗಳೂರು ಕಡೆಯ ಬಿಳಿಚೋಡು ಬಿಟ್ಟು ನ್ಯಾಮತಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರಲ್ಲಿ ಕೆಲಸವಿರಲಿಲ್ಲ ಎಂದಲ್ಲ. ನೇಗಿಲು, ಕುಂಟೆ, ಗಾಡಿಯ ಮೂಕಿ ಎಂದು ಕೈ ತುಂಬ ಇತ್ತು. ಆದರೆ ಅವನಿಗೆ ನಯದ ಕೆಲಸದ ಹುಚ್ಚು. ಗಾಜಿನ ಬಾಗಿಲಿನ ಬೀರು, ಕನ್ನಡಿಯ ಮೇಜು, ಇಂಥವನ್ನು ಮಾಡಬೇಕು, ನಾಲ್ಕು ಜನ ಅದರ ಮುಂದೆ ನಿಂತು ನೋಡಬೇಕು ಎಂಬ ಆಸೆ. ಬಿಳಿಚೋಡಿನಲ್ಲಿ ಗಾಜಿನ ಬೀರು ಕೇಳುವವರು ಯಾರು? ಅವನ ಅಕ್ಕ ದೊಡ್ಡಕ್ಕ ಮಾತ್ರ ತಡೆದಿದ್ದಳು. "ಹೊಳೆ ಕಡೆ ನೀರು ಬೇರೆ, ಗಾಳಿ ಬೇರೆ ಕಣೋ. ನಿನಗೆ ಒಗ್ಗಲ್ಲ," ಎಂದಿದ್ದಳು. ಅವನಿಗೆ ಒಗ್ಗಿತು. ಒಗ್ಗದೇ ಹೋದದ್ದು ಅವನ ಜೊತೆ ಬಂದ ಮರಕ್ಕೆ, ಅದು ಆಮೇಲೆ ತಿಳಿದ ಮಾತು.

ಆ ಮರ ಬೇವು. ಬಿಳಿಚೋಡಿನ ಬಯಲಲ್ಲಿ ಮೂರು ಬೇಸಿಗೆ ಒಣಗಿಸಿದ ಹಲಗೆ. ಬೆರಳಲ್ಲಿ ತಟ್ಟಿದರೆ ಹಲಗೆಯ ಸದ್ದೇ ಹೇಳುತ್ತಿತ್ತು, ಒಳಗೆ ಹನಿ ನೀರಿಲ್ಲ ಎಂದು. ಬಟ್ಟೆಗೆ ಬೇವಿನಂಥ ಮರವಿಲ್ಲ, ಹುಳು ಹತ್ತಿರ ಸುಳಿಯುವುದಿಲ್ಲ ಎಂದು ಷಣ್ಮುಖಪ್ಪನವರಿಗೆ ಅವನೇ ಒಪ್ಪಿಸಿದ್ದ. ಒಪ್ಪಿದ ಅವರು, "ಇದೊಂದು ಮಾಡು. ಒಂದು ಮಳೆಗಾಲ ತಾಳಿದ್ರೆ ಅಂಗಡಿ ತುಂಬ ನಿನ್ನ ಕೈಯಲ್ಲೇ ಮಾಡಿಸ್ತೀನಿ," ಎಂದಿದ್ದರು. ಅಲ್ಲಿಯವರೆಗೆ ಆ ಅಂಗಡಿಯ ಮರಗೆಲಸವೆಲ್ಲ ಎದುರು ಸಾಲಿನ ಬೈಲಪ್ಪನದು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ. ಕೆಲಸ ಕೈತಪ್ಪಿದ ದಿನದಿಂದ ಅವನು ಚಿತ್ತಪ್ಪನ ಕಡೆ ತಿರುಗಿಯೂ ನೋಡಿರಲಿಲ್ಲ. ಮುನಿದಿದ್ದಾನೆ ಎಂದು ಪೇಟೆಯವರು ಹೇಳಿದರು, ಚಿತ್ತಪ್ಪನೂ ಹಾಗೆಂದೇ ನಂಬಿದ.

ಬಸವ ಜಯಂತಿಯ ದಿನ ಬೀರು ಅಂಗಡಿಗೆ ಬಂತು. ಗಾಜು ಹೇಗೆ ಕೂತಿತ್ತೆಂದರೆ ಮರ ಎಲ್ಲಿ ಮುಗಿಯಿತು, ಗಾಜು ಎಲ್ಲಿ ಶುರುವಾಯಿತು ಎಂದು ಉಗುರಿಟ್ಟು ಹುಡುಕಬೇಕು. "ಸಂದಿನಲ್ಲಿ ಕೂದಲು ತೂರಬಾರದು" ಎನ್ನುವುದು ಚಿತ್ತಪ್ಪನ ಅಪ್ಪ ಕಲಿಸಿದ ಪಾಠ. ಬಿಳಿಚೋಡಿನ ಧೂಳುಗಾಳಿಗೆ ಅದು ತಕ್ಕ ಪಾಠವೇ ಹೌದು. ಅಲ್ಲಿ ಸಡಿಲ ಬಿಟ್ಟರೆ ಒಂದೇ ವಾರದಲ್ಲಿ ಒಳಗಿನ ಪಾತ್ರೆಯ ಮೇಲೆ ರಾಗಿ ಬಿತ್ತಬಹುದು.

ಆರಿದ್ರೆ ಮಳೆ ಹಿಡಿದು ಹದಿನೈದು ದಿನಕ್ಕೆ ಎಡಗಡೆಯ ಗಾಜು ಸೀಳಿತು. ಚಿತ್ತಪ್ಪ ಗಾಜನ್ನು ದೂರಿದ. ಅದು ಸಾದಾ ಗಾಜು. ಬೆಳಕಿಗೆ ಹಿಡಿದು ತಲೆ ಆಡಿಸಿದರೆ ಆಚೆಗಿನ ಕಂಬ ಬಳುಕುತ್ತಿತ್ತು, ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆಯೂ ಇತ್ತು. ಗುಳ್ಳೆಯಿಂದಲೇ ಬಿರುಕು ಬಿಟ್ಟಿದೆ ಎಂದು ತೀರ್ಮಾನಿಸಿ, ಶಿವಮೊಗ್ಗಕ್ಕೆ ಹೋಗಿ ಪ್ಲೇಟ್ ಗಾಜು ತಂದ. ಎರಡು ಮುಖವನ್ನೂ ಉಜ್ಜಿ ನಯ ಮಾಡಿದ ದಪ್ಪ ಗಾಜು. ಅಂಚಿನಲ್ಲಿ ನೋಡಿದರೆ ಎಳೆ ಬಾಳೆಲೆಯ ಬಣ್ಣ, ಆಚೆಗಿನ ಕಂಬ ಕಂಬವಾಗಿಯೇ ನಿಲ್ಲುತ್ತಿತ್ತು. ಗೋಣಿಚೀಲದಲ್ಲಿ ಭತ್ತದ ಹುಲ್ಲು ಸುತ್ತಿ, ಬಸ್ಸಿನಲ್ಲಿ ಎರಡು ಮೊಳಕಾಲ ನಡುವೆ ನಿಲ್ಲಿಸಿಕೊಂಡು, ಗುಂಡಿ ಬಂದಾಗಲೆಲ್ಲ ಉಸಿರು ಹಿಡಿದು ತಂದಿದ್ದ. ಎಂಟು ದಿನ ಬಿಟ್ಟು ಬಲಗಡೆಯದೂ ಹೋಯಿತು. ಅದಕ್ಕೂ ಪ್ಲೇಟ್ ಗಾಜೇ ತಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲ ಬದಲಾಯಿಸಿ ಕೊಟ್ಟ ಮೇಲೂ ಕುಣಿತ ಬರದಿದ್ದರೆ ಏನು ಮಾಡುವುದು? ಈಗ ಸೀಳಿದ್ದು ಅದೇ ಪ್ಲೇಟ್ ಗಾಜು.

ಸದ್ದು ಕೇಳಿ ಒಳಮನೆಯಿಂದ ಷಣ್ಮುಖಪ್ಪನವರ ಹೆಂಡತಿ ರುದ್ರಾಣಿ ಬಂದರು. ಪರದೆ ಸರಿಸಿ ನೋಡಿದವರೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

"ನಾನು ಅವತ್ತೇ ಹೇಳಿದ್ದೆ. ಬೇವು ಅಂದ್ರೆ ಮಾರಿ ಮರ. ಗುಡಿ ಮುಂದೆ ಇರೋದನ್ನ ಅಂಗಡಿ ಒಳಗೆ ತಂದ್ರಿ. ತಾಯಿ ಸುಮ್ನೆ ಬಿಡ್ತಾಳಾ? ಶ್ರಾವಣ ಬರೋದರೊಳಗೆ ಇದನ್ನ ಹೊರಗೆ ಹಾಕ್ರಿ."

ಬಟ್ಟೆ ನೋಡುತ್ತಿದ್ದ ಹೆಂಗಸರು ಹೌದೆಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಊರಲ್ಲಿ ತೊಟ್ಟಿಲು, ಮಂಚ ಎಲ್ಲವೂ ಬೇವಿನದೇ ಎಂದು ಹೇಳಬೇಕೆಂದರೆ, ಒಡೆದ ಗಾಜು ಚಿತ್ತಪ್ಪನ ಬಾಯಿ ಕಟ್ಟಿತ್ತು. ಬೀರು ಹೊರಗೆ ಹೋದರೆ ಹೋಗಲಿ. ಅದರ ಹಿಂದೆಯೇ ತನ್ನ ಹೆಸರೂ ಬೀದಿಗೆ ಬೀಳುತ್ತದೆ. ಗಾಜು ತಾನಾಗೇ ಒಡೆಯುವಂಥ ಕೈಯವನಿಗೆ ನ್ಯಾಮತಿಯಲ್ಲಿ ಇನ್ನು ಯಾರು ಮಣೆ ಮಾಡಿಸಿಯಾರು? ಹೆಂಡತಿ ದುರುಗಮ್ಮನನ್ನು ಕರೆದುಕೊಂಡು ಊರಿಗೆ ಹೋದರೆ ಮತ್ತೆ ಆ ಕುಂಟೆ, ಆ ಮೂಕಿ.

ಅಷ್ಟರಲ್ಲಿ ಗೋಣಿಕೊಪ್ಪೆ ಹೊದ್ದ ಆಳೊಂದು ಜಿಟಿಜಿಟಿ ಮಳೆಯಲ್ಲಿ ಬೀದಿ ದಾಟಿ ಬಂತು. ಕೊಪ್ಪೆ ತೆಗೆದು ಕೊಡವಿ ಬಾಗಿಲ ಹೊರಗಿಟ್ಟಾಗಲೇ ಗೊತ್ತಾಗಿದ್ದು, ಬೈಲಪ್ಪ. ಹೆಂಗಸರು ಸರಿದು ದಾರಿ ಬಿಟ್ಟರು. ಎಂಟು ತಿಂಗಳು ಸುಮ್ಮನಿದ್ದವನು ಇವತ್ತು ಬಾಯಿ ಬಿಡುತ್ತಾನೆ ಎಂದು ಎಲ್ಲರಿಗೂ ಆಸೆ. ಚಿತ್ತಪ್ಪ ಮಾತ್ರ ನೆಲ ನೋಡಿದ. ಗಾಯದ ಮೇಲೆ ಬರೆ ಎಳೆಸಿಕೊಳ್ಳುವುದು ಒಂದು ಬಾಕಿ ಇತ್ತು.

"ಕಡ್ಡಿಪೆಟ್ಟಿಗೆ ಕೊಡ್ರಿ ಸಾವ್ಕಾರ್ರೆ," ಎಂದ ಬೈಲಪ್ಪ.

ಬೀಡಿ ಹಚ್ಚಿಕೊಂಡು ಆರಾಮಾಗಿ ಶುರುಮಾಡುತ್ತಾನೆ ಎಂದುಕೊಂಡ ಚಿತ್ತಪ್ಪ. ಆದರೆ ಬೈಲಪ್ಪ ಬೀಡಿ ತೆಗೆಯಲಿಲ್ಲ. ಒಂದು ಕಡ್ಡಿ ತೆಗೆದು, ಕೆಳಗೆ ಕೂತು, ಗಾಜಿನ ಅಂಚು ಮುಚ್ಚುವ ಬೀಡಿಂಗ್ ಪಟ್ಟಿಯ ತುದಿ ಎಬ್ಬಿಸಿ, ಒಡೆಯದಿದ್ದ ಎಡಗಡೆಯ ಗಾಜಿಗೂ ಚೌಕಟ್ಟಿಗೂ ನಡುವೆ ಅದನ್ನು ತೂರಿಸಲು ನೋಡಿದ. ಹೋಗಲಿಲ್ಲ. ಕಡ್ಡಿಯನ್ನು ಉಗುರಿನಿಂದ ಸೀಳಿ ತೆಳ್ಳಗೆ ಮಾಡಿದ. ಅದೂ ಹೋಗಲಿಲ್ಲ. ಆಮೇಲೆ ಬಾಗಿಲನ್ನು ಎಳೆದು ನೋಡಿದ, ಚೌಕಟ್ಟಿನ ಮೇಲೆ ಅಂಗೈ ಸವರಿದ, ಮೂಸಿಯೂ ನೋಡಿದ. ಎದ್ದು ನಿಂತು ಮಂಡಿ ನೀವಿಕೊಂಡ.

"ನಲವತ್ತು ವರ್ಷ ಉಳಿ ಹಿಡಿದೀನಿ. ಇಷ್ಟು ಬಿಗಿ ಕೂರ್ಸಾಕೆ ನನಗೆ ಬರಲ್ಲ," ಎಂದ, ಎಲ್ಲರಿಗೂ ಕೇಳುವಂತೆ. "ಗಾಜಿಂದೂ ತಪ್ಪಲ್ಲ, ಈ ತಮ್ಮನ ಕೈದೂ ತಪ್ಪಲ್ಲ. ಮಳೇದು. ಎರಡು ದಿನ ಕೊಡ್ರಿ ಸಾವ್ಕಾರ್ರೆ, ಸರಿಯಾಗ್ತೈತೆ."

"ಮತ್ತೆ ಮಾರಿ ಮರ?" ಎಂದರು ರುದ್ರಾಣಿ.

"ತಾಯಿಗೆ ನೂರೆಂಟು ಕೆಲಸ ಐತ್ರೀ ಅಮ್ಮಾರೆ. ನಿಮ್ಮ ಅಂಗಡಿ ಗಾಜು ಒಡೀತಾ ಕುಂದ್ರಾಕೆ ಆಕೀಗೆ ಪುರುಸೊತ್ತು ಎಲ್ಲೈತೆ?"

ಷಣ್ಮುಖಪ್ಪನವರಿಗೆ ನಗು ಬಂತು. ಅವರು ನಕ್ಕ ಮೇಲೆ ಉಳಿದವರೂ ನಕ್ಕರು. ಬೈಲಪ್ಪ ಬಾಗಿಲುಗಳನ್ನು ಕೀಲಿನಿಂದ ಬಿಡಿಸಲು ಹೇಳಿ, ಒಂದನ್ನು ತಾನೇ ಹೆಗಲ ಮೇಲಿಟ್ಟುಕೊಂಡು ಮಳೆಗಿಳಿದ. ಇನ್ನೊಂದನ್ನು ಹೊತ್ತು ಚಿತ್ತಪ್ಪ ಹಿಂದೆ ನಡೆದ. ಬೀದಿ ಅಗಲ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಅಷ್ಟು ದಾಟುವುದರೊಳಗೆ ಅವನ ಕಣ್ಣು ತುಂಬಿ ಬಂತು, ಮಳೆಯಿದ್ದದ್ದಕ್ಕೆ ಯಾರಿಗೂ ಕಾಣಲಿಲ್ಲ.

ಬೈಲಪ್ಪನ ಕೊಟ್ಟಿಗೆಯಲ್ಲಿ ಉಜ್ಜುಗೊರಡಿನಿಂದ ಉದುರಿದ ಮರದ ಸಿಪ್ಪೆಯೆಲ್ಲ ತೇವಕ್ಕೆ ಮೆತ್ತಗಾಗಿತ್ತು. ಬಾಗಿಲನ್ನು ಮೇಜಿನ ಮೇಲೆ ಮಲಗಿಸಿ ಅವನು ಹೇಳಿದ:

"ನಿನ್ನ ಬೇವು ಮೂರು ವರ್ಷ ನೀರು ಕಂಡಿಲ್ಲ. ಇಲ್ಲಿಗೆ ಬಂತು, ಗಟಗಟ ಕುಡೀತು. ಕುಡಿದ್ರೆ ಹೊಟ್ಟೆ ಉಬ್ಬಲ್ವಾ? ನೀನು ಸುತ್ತ ಒಂದು ಕೂದಲಷ್ಟು ಜಾಗ ಬಿಟ್ಟಿಲ್ಲ. ಮರ ಒತ್ತುತೈತೆ, ಗಾಜಿಗೆ ಬಗ್ಗಾಕೆ ಬರಲ್ಲ. ಶಿವಮೊಗ್ಗದ್ದು ತಂದ್ರೂ ಅಷ್ಟೇ, ವಿಲಾಯ್ತಿದು ತಂದ್ರೂ ಅಷ್ಟೇ."

"ನಮ್ಮಪ್ಪ ಕೂದಲು ತೂರಬಾರದು ಅಂತಿದ್ದ," ಎಂದ ಚಿತ್ತಪ್ಪ ಮೆಲ್ಲಗೆ.

"ನಿಮ್ಮಪ್ಪ ನಿಮ್ಮೂರಿಗೆ ಸರಿಯಾಗೇ ಹೇಳಿದ್ದಾನೆ. ಇಲ್ಲಿ ಸುತ್ತ ಒಂದು ಬೆಂಕಿಕಡ್ಡಿ ಹಿಡಿಯೋಷ್ಟು ಬಿಡಬೇಕು. ಮೇಲೆ ಬೀಡಿಂಗ್ ಪಟ್ಟಿ ಬರ್ತೈತಲ್ಲ, ಯಾರಿಗೂ ಕಾಣಲ್ಲ. ಹಿಡಿ ಉಳಿ. ಗಾಜು ಮುಟ್ಟಬೇಡ, ಚೌಕಟ್ಟಿನ ಸಂದು ತೋಡು."

ಎಡಗಡೆಯ ಪ್ಲೇಟ್ ಗಾಜನ್ನು ಹುಷಾರಾಗಿ ಬಿಡಿಸಿ ಸಂದು ಅಗಲ ಮಾಡಿದರು. ಬಲಗಡೆಗೆ ಹಾಕಲು ಗಾಜಿರಲಿಲ್ಲ. ಬೈಲಪ್ಪ ಗೋಡೆಗೆ ಒರಗಿಸಿದ್ದ ತನ್ನದೇ ಒಂದು ಹಾಳೆ ತಂದ. ಹಳೇ ಸಾದಾ ಗಾಜು, ಅಲೆಯೋ ಅಲೆ.

"ಇದನ್ನ ಹಾಕೋದಾ?" ಚಿತ್ತಪ್ಪನಿಗೆ ಅನುಮಾನ.

"ಇದನ್ನೇ ಹಾಕು. ಒಡೀತೈತಾ ನೋಡೋಣ."

ವಜ್ರದ ಮೊನೆಯಿಂದ ಗೆರೆ ಎಳೆದು, ಅಂಚಿಗೆ ತಟ್ಟಿ, ಬೈಲಪ್ಪ ಗಾಜನ್ನು ರೊಟ್ಟಿ ಮುರಿದಷ್ಟು ಸುಲಭವಾಗಿ ಮುರಿದ. ಆಗ ಚಿತ್ತಪ್ಪ ತಡೆಯಲಾರದೆ ಕೇಳಿಯೇಬಿಟ್ಟ. "ಯಜಮಾನ್ರೆ, ನಿಮಗೆ ಇದನ್ನ ಯಾರು ಹೇಳಿಕೊಟ್ರು?"

ಬೈಲಪ್ಪ ಗಾಜಿನ ಅಂಚನ್ನು ಕಲ್ಲಿಗೆ ಉಜ್ಜುತ್ತಲೇ ಹೇಳಿದ.

"ನಾನು ಚನ್ನಗಿರಿಯಿಂದ ಹೊನ್ನಾಳಿಗೆ ಬಂದಾಗ ಒಂದು ಬೀರು ಮಾಡಿದ್ದೆ. ನಾಲ್ಕು ಗಾಜು ಒಡೆದ್ವು. ಆ ಊರಿನ ಆಚಾರ್ರೆಲ್ಲ ನೋಡ್ತಾ ನಿಂತಿದ್ರು. ಒಬ್ರೂ ಹೇಳಲಿಲ್ಲ. ಊರು ಬಿಟ್ಟೆ." ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿದ. "ನಿಂದು ಮೂರನೇದು ಒಡೆದಾಗ ಸದ್ದು ಇಲ್ಲಿಗೂ ಕೇಳ್ತು. ನಾಲ್ಕನೇದು ಒಡೆಯೋದು ಬೇಡ ಅನ್ನಿಸ್ತು. ಮೊದ್ಲೇ ಬರಬೇಕಿತ್ತು. ಸಿಟ್ಟಿತ್ತು, ಬರಲಿಲ್ಲ."

ಕಾಲಿಗೆ ಬೀಳೋಣವೆಂದರೆ ಆ ಮನುಷ್ಯ ಕಾಲು ಹಿಂದೆ ತೆಗೆಯುವ ಪೈಕಿ. ಚಿತ್ತಪ್ಪ ಬಗ್ಗಿ ಬಲಗಡೆಯ ಚೌಕಟ್ಟಿನ ಸಂದು ತೋಡಿದ.

ಆ ವರ್ಷ ಪುಷ್ಯ ಮಳೆ ಹೊಯ್ದ ಪರಿಯನ್ನು ನ್ಯಾಮತಿಯವರು ಬಹಳ ದಿನ ಹೇಳುತ್ತಿದ್ದರು. ಚಿತ್ತಪ್ಪ ದಿನಕ್ಕೊಂದು ನೆಪ ಮಾಡಿಕೊಂಡು ಬಟ್ಟೆ ಅಂಗಡಿಗೆ ಹೋದ. ಒಂದು ದಿನ ಟವೆಲಿನ ಬೆಲೆ ಕೇಳಿದ, ಮಾರನೇ ದಿನವೂ ಅದೇ ಟವೆಲಿನ ಬೆಲೆ ಕೇಳಿದ. ಕಿವಿ ಮಾತ್ರ ಬೀರುವಿನ ಕಡೆಗೆ. ಗಾಜು ಸದ್ದೆತ್ತಲಿಲ್ಲ. ಶ್ರಾವಣದಲ್ಲಿ ಷಣ್ಮುಖಪ್ಪನವರು ಉಳಿದ ನಾಲ್ಕು ಬೀರುಗಳ ಅಳತೆ ತೆಗೆದುಕೊಳ್ಳಲು ಹೇಳಿದರು. ಅದರಲ್ಲಿ ಎರಡು ಬೈಲಪ್ಪನವರು ಮಾಡಲಿ ಎಂದು ಚಿತ್ತಪ್ಪನೇ ಕೇಳಿಕೊಂಡ. ಬಲಗಡೆಯ ಅಲೆ ಗಾಜು ತೆಗೆದು ಪ್ಲೇಟ್ ಗಾಜು ಹಾಕಿಕೊಡುತ್ತೇನೆ ಎಂದಾಗ ಒಪ್ಪದವರು ರುದ್ರಾಣಿಯವರೇ.

"ಇರ್ಲಿ ಬಿಡಪ್ಪ. ಆ ಗಾಜಿನೊಳಗಿಂದ ನೋಡಿದ್ರೆ ಸೀರೆ ಉಟ್ಟು ಯಾರೋ ನಡೆದಂಗೆ ಕಾಣ್ತೈತೆ. ಅದರೊಳಗಿನ ಸೀರೇನೇ ಜನ ಮೊದ್ಲು ಕೇಳ್ತಾರೆ."

ದೀಪಾವಳಿಗೆ ಚಿತ್ತಪ್ಪ ಬಾಳೆಹಣ್ಣು, ತೆಂಗಿನಕಾಯಿ, ಒಂದು ಪಂಚೆ ತಟ್ಟೆಯಲ್ಲಿಟ್ಟುಕೊಂಡು ದುರುಗಮ್ಮನೊಂದಿಗೆ ಎದುರು ಸಾಲಿಗೆ ಹೋದ. ಬೈಲಪ್ಪ ತಟ್ಟೆ ನೋಡಿದ, ಇಬ್ಬರನ್ನೂ ನೋಡಿದ. "ಕಾಯಿ ಒಡ್ಸಾಕೆ ನಾನೇನು ದೇವರಾ? ಅತ್ಲಾಗಿಟ್ಟು ಈ ಹಲಗೆ ತುದಿ ಹಿಡಿ ಬಾ," ಎಂದ. ಚಿತ್ತಪ್ಪ ಹಬ್ಬದ ಬಟ್ಟೆಯಲ್ಲೇ ಹಲಗೆ ಹಿಡಿದ. ಹೇಳಬೇಕೆಂದು ಕಲಿತುಕೊಂಡು ಬಂದಿದ್ದ ಮಾತು ಹಾಗೇ ಉಳಿಯಿತು. ಆಮೇಲೂ ಎಷ್ಟೋ ಸಲ ಉಳಿಯಿತು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ದೊಡ್ಡಕ್ಕ ಹೇಳಿಕಳಿಸಿದಳು, ತನಗೂ ಒಂದು ಗಾಜಿನ ಬೀರು ಬೇಕು ಎಂದು. ಚಿತ್ತಪ್ಪ ನ್ಯಾಮತಿಯಲ್ಲೇ ಮಾಡಿ, ಬಾಗಿಲು ಬೇರೆ ಬೇರೆ ಕಟ್ಟಿ, ಲಾರಿಯಲ್ಲಿ ಬಿಳಿಚೋಡಿಗೆ ಒಯ್ದು ಜೋಡಿಸಿ ಕೊಟ್ಟು ಬಂದ. ತಿಂಗಳು ಬಿಟ್ಟು ನೋಡಲು ಹೋದಾಗ ದೊಡ್ಡಕ್ಕ ತಂಬಿಗೆಯಲ್ಲಿ ನೀರು ಕೊಡುತ್ತಲೇ ದೂರಿಗೆ ಶುರುಮಾಡಿದಳು.

"ಊರಿಗೆಲ್ಲ ಚೆನ್ನಾಗಿ ಮಾಡಿ, ಅಕ್ಕನಿಗೆ ಹಿಂಗೆ ಮಾಡೋದಾ? ಬಸ್ಸು ಬಂದ್ರೆ ಸಾಕು, ಗಾಜು ಗಲಗಲ ಅಂತೈತೆ. ಬಂದೋರೆಲ್ಲ, ಒಳಗೆ ಯಾರೈದಾರೆ ಅಂತ ಕೇಳ್ತಾರೆ."

ಚಿತ್ತಪ್ಪನಿಗೆ ಥಟ್ಟನೆ ಹೊಳೆಯಿತು. ಕೈ ತಾನಾಗೇ ನ್ಯಾಮತಿಯ ಲೆಕ್ಕದಲ್ಲಿ ಜಾಗ ಬಿಟ್ಟಿತ್ತು. ಇಲ್ಲಿಯ ಬಿಸಿಲಿಗೆ ಮರ ಇನ್ನಷ್ಟು ಬತ್ತಿ ಗಾಜು ಸಡಿಲಾಗಿತ್ತು. ಒಂದು ಬದಿಯ ಬೀಡಿಂಗ್ ಪಟ್ಟಿ ಬಿಚ್ಚಿ, ದೊಡ್ಡಕ್ಕನ ಒಲೆಯ ಪಕ್ಕದಿಂದ ಕಡ್ಡಿಪೆಟ್ಟಿಗೆ ತಂದು, ಒಂದು ಕಡ್ಡಿ ತೆಗೆದು ಸಂದಿಗೆ ಹಿಡಿದ. ಅದು ಸಲೀಸಾಗಿ ಒಳಗೆ ಹೋಗಿ, ಆಚೀಚೆ ಆಡಿತು.

ನಾಲ್ಕು ಕಡ್ಡಿ ಸಿಕ್ಕಿಸಿ ಪಟ್ಟಿ ಹೊಡೆದರೆ ಸದ್ದು ನಿಲ್ಲುತ್ತದೆ. ಐದು ನಿಮಿಷದ ಕೆಲಸ. ಕೈಯಲ್ಲಿ ಕಡ್ಡಿ ಹಿಡಿದೇ ಕೂತಿರುವಾಗ ದೂರದಲ್ಲಿ ದಾವಣಗೆರೆಯ ಬಸ್ಸಿನ ಹಾರನ್ ಕೇಳಿತು. ಆಮೇಲೆ ಬಸ್ಸು ಮನೆಯ ಮುಂದೆಯೇ ಧೂಳೆಬ್ಬಿಸಿ ಹೋಯಿತು. ಗಾಜು ಗಲಗಲ ಎಂದಿತು, ಬೈಲಪ್ಪ ಕಲಿಸಿದ ಆ ಕಡ್ಡಿಯಷ್ಟು ಜಾಗದಲ್ಲಿ ಎಷ್ಟು ಆಡಿದರೂ ಮರಕ್ಕೆ ನೋವಿಲ್ಲ, ಗಾಜಿಗೆ ನೋವಿಲ್ಲ.

"ಕೇಳಿದೆಯಾ? ಬಿಗಿ ಮಾಡೋ ಬೇಗ," ಎಂದಳು ದೊಡ್ಡಕ್ಕ.

"ಮಾಡ್ತೀನಿ ಕಣಕ್ಕ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"

"ಜಗಳೂರಿಂದು ಇನ್ನರ್ಧ ಗಂಟೆಗೆ ಐತೆ. ಯಾಕೆ, ಇವತ್ತೇ ಹೋಗ್ತೀಯಾ?"

"ಇಲ್ಲ. ಅದೊಂದು ಬಂದು ಹೋಗ್ಲಿ, ಆಮೇಲೆ ಮಾಡ್ತೀನಿ."

ದೊಡ್ಡಕ್ಕನಿಗೆ ಅರ್ಥವಾಗಲಿಲ್ಲ. ಆದರೂ ಮೊರ ಬದಿಗಿಟ್ಟು ಅವನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಚಿತ್ತಪ್ಪ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿ, ರಸ್ತೆಯ ಕಡೆ ಕಿವಿಗೊಟ್ಟ.