ಚಾ ಕುಡಿಯದ ವ್ಯಾಪಾರ

ಚಾ ಹದಿನೈದು ಅಂತ ಇದ್ದದ್ದರ ಮೇಲೆ ಬಿಳೀ ಚೀಟಿ ಅಂಟಿಸಿ ಇಪ್ಪತ್ತು ಅಂತ ಬರೆದವ್ರೆ, ಅದೂ ವಾರೆವಾರೆ, ಗೋಂದು ಇನ್ನೂ ಹಸಿ, ಅಂದ್ರೆ ಇವತ್ತು ಸಂತೆಗೆ ಜನ ಬರ್ತಾರೆ ಅಂತ ನೋಡ್ಕಂಡೇ ಬೆಳಗ್ಗೆ ಅಂಟಿಸವ್ರೆ, ಎಲಾ ಇವರ — ಬೋರಪ್ಪ ಹೋಟ್ಲಿನ ಬೋರ್ಡಿನ ಮುಂದೆ ಕತ್ತೆತ್ತಿ ನಿಂತೇ ಇದ್ದ, ಇಡ್ಲಿ ನಲವತ್ತೈದು, ವಡೆ ಒಂದಕ್ಕೆ ಇಪ್ಪತ್ತೈದು, ಮಂಡಕ್ಕಿ ಮೆಣಸಿನಕಾಯಿ ಐವತ್ತು, ಐವತ್ತಂತೆ, ಉಫ್ ಅಂದ್ರೆ ಹಾರಿಹೋಗೋ ಮಂಡಕ್ಕಿಗೆ ಐವತ್ತು, ಕೆಳಗೆ ಕೆಂಪಕ್ಷರದಲ್ಲಿ ಬೈಟು ಕೊಡುವುದಿಲ್ಲ, ನೀರು ಬಾಟ್ಲಿ ಮಾತ್ರ, ನೀರಿಗೂ ಕಾಸು, ಇನ್ನು ಬೆಂಚಿನ ಮೇಲೆ ಕುಂತಿದ್ದಕ್ಕೂ ಕಾಸು ಕೇಳ್ತಾರೆ ನೋಡ್ತಿರು, ನೆರಳಿಗೆ ಇಷ್ಟು, ಫ್ಯಾನಿನ ಗಾಳಿಗೆ ಇಷ್ಟು ಅಂತ. ಬೆನ್ನ ಹಿಂದೆ ಕುರಿ ಮಾರೋ ಹಾಲಸ್ವಾಮಿ ಕೆಮ್ಮಿದ. ಏನ್ ಬೋರಣ್ಣ, ಚಾ ಹೇಳಾಣ್ವಾ? ಹೇಳ್ತೀನಿ ತಡಿಯಪ್ಪ. ಬೆರಳಿಗೆ ಇನ್ನೂ ಹಾಲಸ್ವಾಮಿಯ ಬೆರಳಿನ ಬಿಸಿ ಹಂಗೇ ಇತ್ತು, ಈಗ ತಾನೇ ಇಬ್ರೂ ಟವಲ್ಲಿನೊಳಗೆ ಕೈ ತೂರಿಸಿ, ಯಾರಿಗೂ ಕಾಣದಂಗೆ ಬೆರಳು ಹಿಡಿದು ಹಿಂಡಿ, ಹತ್ತೂವರೆ ಸಾವಿರಕ್ಕೆ ತಂದು ನಿಲ್ಸಿದ್ರು, ಅಗೋ ಆ ಗೂಟದಲ್ಲಿ ಕುರಿ ನಿಂತೈತೆ, ಕಾಡಿಗೆ ಅಂತ ಹೆಸರು, ಎರಡು ಕಣ್ಣಿನ ಸುತ್ತ ಯಾರೋ ಕೂತು ತೀಡಿದಂಗೆ ಕಪ್ಪು, ಇನ್ನೇನು ನಂದೇ, ಒಂದು ಚಾ ಕುಡಿಸಿಬಿಟ್ರೆ ನಂದೇ. ಕುರಿ ಸಂತೆಯಲ್ಲಿ ಬೆರಳು ಹಿಡಿದ್ರೆ ರೇಟು ಕುದುರಿತು ಅಷ್ಟೇ, ಕೊಳ್ಳೋನು ಚಾ ಕುಡಿಸಬೇಕು, ಮಾರೋನು ಕುಡಿಯಬೇಕು, ಆಗ ವ್ಯಾಪಾರ, ಅಲ್ಲಿತನಕ ಕುರಿ ಅವಂದು, ದುಡ್ಡು ಇವಂದು. ಅವರಪ್ಪನ ಕಾಲದಿಂದ ಹಂಗೇ. ಅವರಪ್ಪ ನಾಲ್ಕಾಣೆ ಚಾ ಕುಡಿಸಿ ಕುರಿ ಹೊಡ್ಕಂಡು ಬರ್ತಿದ್ದ.

ದುಡ್ಡು ಇಲ್ಲ ಅಂತಲ್ಲ. ಒಳಜೇಬಿನಲ್ಲಿ ಹದಿಮೂರು ಸಾವಿರ ಐತೆ, ಎದೆಗೆ ಒತ್ತುತಾ ಐತೆ, ಬೇಕಾದ್ರೆ ಹೋಟ್ಲಿನಲ್ಲಿರೋರಿಗೆಲ್ಲ ಚಾ ಕುಡಿಸ್ತಾನೆ ಬೋರಪ್ಪ, ತಾಳ್ಯದ ಕಡೆಯೋರು ಯಾರನ್ನಾದ್ರೂ ಕೇಳ್ರಿ, ಆದ್ರೆ ಹಸಿ ಗೋಂದಿನ ಇಪ್ಪತ್ತಕ್ಕೆ ಯಾಕೆ ಬಗ್ಗಬೇಕು? ನಿನ್ನೆ ತನಕ ಹದಿನೈದಕ್ಕೆ ಬರ್ತಿದ್ದದ್ದು ಇವತ್ತು ಯಾಕೆ ಬರಲ್ಲ? ಇವತ್ತು ಎಮ್ಮೆ ಏನು ಬಂಗಾರದ ಹುಲ್ಲು ಮೇಯ್ದೈತಾ? ಹೋದ ತಿಂಗಳೂ ಹಿಂಗೇ ಆಗಿತ್ತು, ಮಾಡದಕೆರೆಯಿಂದ ಮಗಳು ಚೈತ್ರಾನ್ನೂ ಕೂಸನ್ನೂ, ಬಾಣಂತನಕ್ಕೆ ಹೋಗಿದ್ದ ಹೆಂಡ್ತಿ ಮುದ್ದಕ್ಕನ್ನೂ ಕಾರು ಮಾಡ್ಕಂಡು ಹಿರಿಯೂರಿಗೆ ಕರ್ಕಂಡು ಹೋಗಿದ್ದು, ಕೂಸಿಗೆ ಡಾಕ್ಟ್ರಿಗೆ ತೋರ್ಸಿ, ಹೈವೇ ಹೋಟ್ಲಿಗೆ ಹೋಗಾಣ ಅಂದ ಅಳಿಯ ಓಬಳೇಶ, ಒಂದು ದೋಸೆ ನೂರಾ ಹತ್ತು, ಅಂಗೈಯಗಲ, ಪಕ್ಕದಲ್ಲಿ ಚಟ್ನಿ ಬಟ್ಲು ನನ್ನ ಹೆಬ್ಬೆರಳಷ್ಟು, ಇನ್ನೊಂದು ಸಲ ಚಟ್ನಿ ಹಾಕಪ್ಪ ಅಂದ್ರೆ ಎಕ್ಸ್‌ಟ್ರಾ ಆಗುತ್ತೆ ಸರ್ ಅಂದ ಆ ಟೈ ಕಟ್ಟಿದ ಮಹಾರಾಯ, ಚಟ್ನಿಗೆ ಎಕ್ಸ್‌ಟ್ರಾ! ಕೊನೆಗೆ ಉದ್ದನೆ ಚೀಟಿ, ಅದರಲ್ಲಿ ಜಿಎಸ್ಟಿ, ನಮ್ಮ ಹೊಟ್ಟೆ ಹಸಿವಿಗೆ ಸರ್ಕಾರಕ್ಕೆ ಯಾಕಪ್ಪ ಕೊಡಬೇಕು ಅಂತ ಕೇಳಿದ್ದಕ್ಕೆ ಓಬಳೇಶ, ಮಾವ ಸುಮ್ನಿರ್ರಿ, ಎಲ್ಲರೂ ನೋಡ್ತಾರೆ. ನೋಡ್ಲಿ! ನೋಡ್ಲಿ ಅಂತಲೇ ಕೇಳಿದ್ದು! ಆವತ್ತು ಮುದ್ದಕ್ಕ ಪಾಪ ಅರ್ಧ ದೋಸೆ ತಿಂದು ಇನ್ನರ್ಧ ಕಾಗದದಲ್ಲಿ ಸುತ್ಕಂಡಿದ್ಲು, ಯಾಕೆ ಅಂದ್ರೆ, ಕಾಡಿಗೆಗೆ, ಅದಕ್ಕೆ ದೋಸೆ ಅಂದ್ರೆ ಆಸೆ, ನೀನು ಊರಿಗೆ ಹೋಗ್ತೀಯಲ್ಲ, ಹಾಕು. ಅವಳ ಕೈಯಿಂದ ಆ ಪೊಟ್ಟಣ ಇಸ್ಕಂಡು ಬೋರಪ್ಪ ಚೀಲಕ್ಕೆ ಹಾಕ್ಕಂಡಿದ್ದ, ಕಾಡಿಗೆ ಆಗಲೇ ಮನೆಯಲ್ಲಿ ಇರಲಿಲ್ಲ.

ಮಾರಿದ್ದ. ಯಾಕೆ ಮಾರಿದೆ ಅಂದ್ರೆ ಏನು ಹೇಳ್ತೀ, ಎರಡು ಸಲ ಟಗರು ಬಿಟ್ರೂ ಗಬ್ಬ ನಿಲ್ಲಲಿಲ್ಲ, ಮರಿ ಹಾಕದ ಕುರೀನ ಯಾವ ಕುರುಬ ಇಟ್ಕಂತಾನೆ, ಹಾಲಸ್ವಾಮಿ ಬಂದ, ಐದು ಕುರಿ ಒಟ್ಟಿಗೆ ಕೊಡು ಅಂದ, ಕೊಟ್ಟ, ಅಷ್ಟೇ. ತಾಯಿ ಸತ್ತ ಮರೀನ ಮುದ್ದಕ್ಕ ಸೀರೆ ಸೆರಗಿನಲ್ಲಿ ಕಟ್ಕಂಡು, ಮೂರು ತಿಂಗಳು ಬಾಟ್ಲಿ ಹಾಲು ಕುಡಿಸಿ, ರಾತ್ರಿ ತನ್ನ ಕಾಲ ಹತ್ರ ಮಲಗಿಸ್ಕಂಡು ಬೆಳೆಸಿದ್ದು ಅನ್ನೋದು ಆವಾಗ ತಲೆಗೆ ಬರಲಿಲ್ವಾ? ಬಂತು. ಬಂದ್ರೂ ಕೊಟ್ಟ. ಅವಳು ಮಗಳ ಬಾಣಂತನ ಮುಗಿಸಿ ಮನೆಗೆ ಬಂದೋಳು ಚೀಲ ಕೂಡ ಕೆಳಗಿಡದೆ ಸೀದಾ ಹಟ್ಟಿಗೆ ಹೋದ್ಲು, ಕಾಡಿಗೇ ಕಾಡಿಗೇ ಅಂತ ಕರೆದ್ಲು, ಆಮೇಲೆ ಇವನ ಮುಖ ನೋಡಿದ್ಲು, ನನ್ನ ಒಂದು ಮಾತು ಕೇಳಬೇಕಿತ್ತು ಅಂದ್ಲು. ಬೈಲಿಲ್ಲ, ಅಳಲಿಲ್ಲ. ಅವತ್ತಿನಿಂದ ಹನ್ನೊಂದು ದಿನ, ಮುದ್ದೆ ತಟ್ಟೆಗೆ ಬೀಳೋ ಸದ್ದು ಬಿಟ್ರೆ ಮನೆಯಲ್ಲಿ ಇನ್ನೊಂದು ಸದ್ದಿಲ್ಲ, ಉಪ್ಪು ಬೇಕಾ ಅಂತಲೂ ಕೇಳಲ್ಲ, ಬೈದ್ರೆ ವಾಸಿ, ತಲೆ ಮೇಲೆ ತಪ್ಪಲೆ ಎತ್ತಿ ಹಾಕಿದ್ರೂ ವಾಸಿ. ನಿನ್ನೆ ಹಾಲಸ್ವಾಮಿ ಆ ಕುರಿಗಳನ್ನ ಹೊಳಲ್ಕೆರೆ ಸಂತೆಗೆ ಹೊಡಿತಾನಂತೆ ಅಂತ ಸುದ್ದಿ ಬಂತು. ಬೆಳಗ್ಗೆ ಇವನು ಚಪ್ಪಲಿ ಮೆಟ್ಟುವಾಗ ಬಾಗಿಲ ಹತ್ರ ಬಂದು, ಕಾಡಿಗೇನ ಕರ್ಕಂಡು ಬಾ ಅಂದ್ಲು. ಹನ್ನೊಂದು ದಿನಕ್ಕೆ ಒಂದು ಮಾತು. ಹೊಡ್ಕಂಡು ಬಾ ಅನ್ನಲಿಲ್ಲ, ಕರ್ಕಂಡು ಬಾ ಅಂದ್ಲು, ಮನುಷ್ಯರಿಗೆ ಅನ್ನೋ ಹಂಗೆ.

ಇಪ್ಪತ್ತು ಕೊಡಲ್ಲ ನಾನು, ಅಂದ ಬೋರಪ್ಪ, ಜೋರಾಗೇ ಅಂದ, ಗಲ್ಲಾಪೆಟ್ಟಿಗೆ ಮುಂದೆ ಕೂತ ಹೋಟ್ಲಿನೋನಿಗೆ ಕೇಳ್ಲಿ ಅಂತ, ಅವನು ತಲೆ ಎತ್ತಲಿಲ್ಲ, ಫೋನು ಒತ್ತುತಾ ಕುಂತಿದ್ದ, ಬೇಕಾದ್ರೆ ಕುಡಿ ಬ್ಯಾಡಾದ್ರೆ ಬಿಡು ಅನ್ನೋ ಅವನ ಸುಮ್ಮನಿರೋ ರೀತಿ ಇವನ ಮೈಯೆಲ್ಲ ಉರಿಸಿತು. ಹಾಲಸ್ವಾಮಿ, ಇಲ್ಲಿ ಬ್ಯಾಡ, ಬಾ, ಬಸ್‌ಸ್ಟ್ಯಾಂಡಿನ ತಾವ ಮಲ್ಲಕ್ಕನ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಒಳ್ಳೇ ಚಾ, ಶುಂಠಿ ಜಜ್ಜಿ ಹಾಕ್ತಾಳೆ. ಹಾಲಸ್ವಾಮಿ ಕುರಿಗಳ ಕಡೆ ಕೈ ತೋರಿಸಿದ. ಕುರಿ ಬಿಟ್ಟು ಎಲ್ಲಿಗಣ್ಣ ಬರ್ಲಿ, ಹನ್ನೆರಡು ಅವೆ. ಹಂಗಾದ್ರೆ ಇಲ್ಲೇ ನಿಂತಿರು, ಪಾರ್ಸಲ್ ತರ್ತೀನಿ. ಚಾ ಬ್ಯಾಡ ಅಂತೀಯಾ? ಬ್ಯಾಡ ಅಲ್ಲಪ್ಪ, ಇಲ್ಲಿ ಬ್ಯಾಡ ಅಂದೆ, ಈ ಕಳ್ಳನ ತಾವ ಬ್ಯಾಡ ಅಂದೆ. ಹಾಲಸ್ವಾಮಿ ಹೂಂ ಅಂದ, ಆ ಹೂಂ ಒಂಥರಾ ಇತ್ತು, ಆದ್ರೆ ಅದನ್ನ ಕೇಳಿಸ್ಕಳ್ಳೋ ಕಿವಿ ಎಲ್ಲಿತ್ತು, ಬೋರಪ್ಪ ಆಗಲೇ ಟವಲ್ಲು ಹೆಗಲಿಗೆಸೆದು ರಸ್ತೆಗಿಳಿದಿದ್ದ, ಚಪ್ಪಲಿ ಪಟಪಟ ಬಡೀತಾ, ಇವರಿಗೆ ಯಾರೂ ಹೇಳೋರಿಲ್ಲ ಕೇಳೋರಿಲ್ಲ, ಎಲ್ಲರೂ ಮುಚ್ಕಂಡು ಕೊಡ್ತಾರಲ್ಲ ಅದಕ್ಕೇ ಏರಿಸ್ತಾರೆ, ಒಬ್ಬನಾದ್ರೂ ಎದ್ದು ಹೋದ್ರೆ ಗೊತ್ತಾಗ್ತೈತೆ, ನಾನು ಎದ್ದು ಬಂದೆ ನೋಡು, ಬಂದೆ — ಅಂತ ಅಂದ್ಕಂಡಂಗೆ ಎದೆ ಉಬ್ಬಿತು ಕೂಡ, ಸುಳ್ಳಲ್ಲ.

ಮಲ್ಲಕ್ಕ, ಎರಡು ಚಾ ಪಾರ್ಸಲ್, ಅಂತ ಎರಡು ಹತ್ತರ ನೋಟು ಕಟ್ಟೆ ಮೇಲಿಟ್ಟ. ನಲವತ್ತು ಅಣ್ಣ, ಅಂದ್ಲು ಮಲ್ಲಕ್ಕ. ಎಷ್ಟು? ಚಾ ಹದಿನೈದು, ಪಾರ್ಸಲ್ಲು ಅಂದ್ರೆ ಕವರು ಕಪ್ಪು ಸೇರಿ ಇನ್ನೈದು. ಬೋರಪ್ಪ ಇಟ್ಟ ನೋಟು ಹಿಂದಕ್ಕೆ ಎಳ್ಕಂಡ. ಅಲ್ಲ ಕಣೇ, ನೀನೂನಾ? ಊರಿನೋಳು, ಸೌದೆ ಒಲೆ ಮೇಲೆ ಒಂದು ರೂಪಾಯಿಗೆ ಚಾ ಕೊಡ್ತಿದ್ದೋಳು, ನೀನೂ ಅವರ ಜೊತೆ ಸೇರ್ಕಂಡಾ? ಮಲ್ಲಕ್ಕ ಸೊಂಟಕ್ಕೆ ಕೈಯಿಟ್ಲು. ಅಂಗಡಿ ಸಿಲಿಂಡ್ರಿನ ರೇಟು ಗೊತ್ತಾ ನಿಂಗೆ? ಹಾಲಿನ ರೇಟು? ಚಾಪುಡಿ ಒಂದು ಕೇಜಿ ತಂದು ನೋಡು, ಆಮೇಲೆ ಬಾಯಿ ಬಿಡು. ಬೆಳಗ್ಗೆ ನಾಲ್ಕಕ್ಕೆ ಎದ್ದು ನಿಂತ್ರೆ ರಾತ್ರಿ ತನಕ ಕಾಲು ಬೂದುಗುಂಬಳ ಆಗಿರ್ತವೆ, ನಂಗೇನು ಉಳಿತೈತೆ ಅಂತ ಯಾವತ್ತಾದ್ರೂ ಕೇಳಿದೀಯಾ? ಅದಿರ್ಲಿ ಬೋರಣ್ಣ, ನಿನ್ನ ಕುರಿ ನೀನು ಹಳೇ ರೇಟಿಗೇ ಕೊಡ್ತೀಯಾ? ಬೋರಪ್ಪನ ದನಿ ಇನ್ನೂ ಏರಿತು, ಕುರಿ ಬೇರೆ ಚಾ ಬೇರೆ ಅಂದ, ಸರ್ಕಾರ ಅಂದ, ದೋಸೆ ನೂರಾ ಹತ್ತು ಅಂದ, ಚಟ್ನಿಗೂ ಎಕ್ಸ್‌ಟ್ರಾ ಅಂದ, ಬಸ್ಸಿಗೆ ಕಾಯೋರು ಸುತ್ತ ನೆರೆದ್ರು, ಒಬ್ಬರು, ಯಜಮಾನ್ರು ಹೇಳೋದು ಖರೆ ಅಂದ್ರು, ಇನ್ನೊಬ್ಬರು ಚಿತ್ರದುರ್ಗದಲ್ಲಿ ಒಂದು ಊಟ ನೂರಾ ಐವತ್ತಂತೆ ಅಂದ್ರು, ಜನ ಹೂಂ ಹೂಂ ಅಂದಷ್ಟೂ ಇವನಿಗೆ ಹುರುಪು, ಚಿತ್ರದುರ್ಗದ ಬಸ್ಸು ಹೋಯ್ತು, ಶಿವಮೊಗ್ಗದ ಬಸ್ಸು ಬಂದು ಅದೂ ಹೋಯ್ತು, ಇವನು ಮಾತಾಡ್ತಾನೇ ಇದ್ದ. ಕೊನೆಗೆ ಮಲ್ಲಕ್ಕ, ತಗಂಡು ಹೋಗ್ತೀಯೋ ಇಲ್ವೋ ಅಂದಾಗ ನಲವತ್ತು ಎಣಿಸಿ ಎಸೆದ. ಅಲ್ಲೂ ಇಪ್ಪತ್ತು, ಇಲ್ಲೂ ಇಪ್ಪತ್ತು. ಬಿಸಿ ಚಾದ ಕವರು ಕೈಯಲ್ಲಿ ಹಿಡ್ಕಂಡು ಹೆಜ್ಜೆ ಹಾಕುವಾಗ ಯಾರನ್ನ ಬೈಯಬೇಕೋ ಗೊತ್ತಾಗದೆ ರಸ್ತೆಗೆ ಅಡ್ಡ ಬಂದ ಆಟೋದೋನನ್ನ ಬೈದ.

ಗೂಟದಲ್ಲಿ ಹಗ್ಗ ಇಲ್ಲ. ಮೊದಲು ಕಂಡಿದ್ದು ಅದು. ಆಮೇಲೆ ಅದೇ ಹೋಟ್ಲಿನ ಬೆಂಚು, ಹಾಲಸ್ವಾಮಿ ಖಾಲಿ ಲೋಟ ಕೆಳಗಿಡ್ತಾ ಇದ್ದ, ಪಕ್ಕದಲ್ಲಿ ಮೀಸೆ ಒರೆಸ್ಕಳ್ತಾ ರಾಮಾಂಜನೇಯ, ಹಿರಿಯೂರಿನೋನು, ಹೈವೇ ಮಿಲ್ಟ್ರಿ ಹೋಟ್ಲುಗಳಿಗೆ ಕುರಿ ಕೊಂಡು ಹಾಕೋನು, ಅವನ ಟೆಂಪೋ ರಸ್ತೆ ಪಕ್ಕ, ಟೆಂಪೋದ ಸರಳಿನ ಸಂದಿಯಲ್ಲಿ ಎರಡು ಕಪ್ಪು ಬಳೆ ಹಾಕಿದ ಕಣ್ಣು. ಏನಪ್ಪ ಇದು? ಏನಪ್ಪ ಹಾಲಸ್ವಾಮಿ ಇದು? ಹಾಲಸ್ವಾಮಿ ಎದ್ದು ನಿಂತ. ಬೋರಣ್ಣ, ಅರ್ಧ ಗಂಟೆ ಮೇಲೆ ಕಾದೆ ಕಣಣ್ಣ. ಚಾ ಮುಂದೆ ಹಾಕಿದ್ರೆ ವ್ಯಾಪಾರ ಮನಸ್ಸಿಗೆ ಬರಲಿಲ್ಲ ಅಂತ ತಾನೇ ಅರ್ಥ, ನೀನೇ ಎಷ್ಟು ಸಲ ಹಂಗೆ ಎದ್ದು ಹೋಗಿಲ್ಲ, ಬಾಯಿಬಿಟ್ಟು ಬ್ಯಾಡ ಅನ್ನೋಕೆ ದಾಕ್ಷಿಣ್ಯಪಟ್ಟೆ ಅಂದ್ಕಂಡೆ, ಇವ್ರು ಬಂದ್ರು, ಕುಡಿಸಿದ್ರು, ಕುಡ್ದೆ. ಇಗೋ ಚಾ, ಕುಡಿ, ಈಗ ಕುಡಿ, ಬೋರಪ್ಪ ಕವರು ಮುಂದೆ ಚಾಚಿದ. ಹಾಲಸ್ವಾಮಿ ಕೈ ಹಿಂದಕ್ಕೆಳಕಂಡ, ಕೆಂಡ ಕೊಟ್ಟಂಗೆ. ಒಬ್ಬರದು ಕುಡಿದ ಮೇಲೆ ಇನ್ನೊಬ್ಬರದು ಮುಟ್ಟಂಗಿಲ್ಲ, ನಿಂಗೆ ನಾನು ಹೇಳಬೇಕಾ. ರಾಮಾಂಜನೇಯಾ, ಹನ್ನೆರಡು ಸಾವಿರ ಕೊಡ್ತೀನಿ, ಹದಿಮೂರು, ತಗ, ಪೂರ್ತಿ ತಗ, ಜೇಬಿಗೆ ಕೈ ಹಾಕಿ ಎಲ್ಲಾ ಹೊರಗೆ ತೆಗೆದ. ಯಜಮಾನ್ರೇ, ದುಡ್ಡಿನ ಮಾತಲ್ರಿ ಇದು, ಕುಡ್ದಾಗೈತೆ, ಇವತ್ತು ನಾನು ಮಾತು ಬಿಟ್ರೆ ನಾಳೆ ಈ ಸಂತೆಯಲ್ಲಿ ಯಾರು ನಂಗೆ ಕುರಿ ಕೊಡ್ತಾರೆ. ನನ್ನ ಹೆಂಡ್ತಿ ಸಾಕಿದ್ದು ಕಣಪ್ಪ, ಬಾಟ್ಲಿ ಹಾಲು ಕುಡಿಸಿ — ಅಷ್ಟು ಜನರ ಮುಂದೆ ಅಂದುಬಿಟ್ಟ, ಜನ ಬೇರೆ ಕಡೆ ನೋಡಿದ್ರು. ಒಂದು ಪ್ಲೇಟು ಮಟನ್ನು ಮುನ್ನೂರೈವತ್ತಂತೆ ಆ ಮಿಲ್ಟ್ರಿ ಹೋಟ್ಲಿನಲ್ಲಿ, ಯಾವನೋ ಕಾರಿನೋನು ಕೂತು, ರೇಟು ಜಾಸ್ತಿ ಆತು ಕಣ್ರಿ, ಪೀಸು ಕಮ್ಮಿ ಅವೆ ಅಂತ ಬೈತಾನೆ, ಬೈತಾ ತಿಂತಾನೆ.

ಹತ್ತು ಚಾ ಹಾಕಲೇ, ಅಂತ ಕಿರುಚಿದ ಬೋರಪ್ಪ ಹೋಟ್ಲಿನ ಒಳಕ್ಕೆ, ಎರಡು ನೂರರ ನೋಟು ಗಲ್ಲಾಪೆಟ್ಟಿಗೆ ಮೇಲೆ ಬಡಿದ, ಇಪ್ಪತ್ತು ತಾನೇ, ತಗ, ಇಪ್ಪತ್ತೇ ತಗ, ಹತ್ತು ಹಾಕು, ಎಲ್ಲರೂ ಕುಡೀರಿ, ಬರ್ರಿ, ಕುಂತ್ಕಳ್ರಿ, ನಂದು ಈ ಚಾ, ಕುಡೀರೋ. ಹತ್ತು ಲೋಟ ಬಂದು ಬೆಂಚಿನ ಮೇಲೆ ಸಾಲಾಗಿ ಕುಂತವು. ಯಾರೂ ಕೈ ಚಾಚಲಿಲ್ಲ. ಚಾಚಿದ್ರೆ ಬೋರಪ್ಪನ ಕಡೆಯೋರು ಆದಂಗೆ, ಕುಡಿದ ವ್ಯಾಪಾರ ಮುರಿದಂಗೆ, ಅದು ಬೋರಪ್ಪನಿಗೂ ಗೊತ್ತು, ಅವನಾಗಿದ್ರೂ ಮುಟ್ತಿರಲಿಲ್ಲ. ಒಬ್ಬೊಬ್ಬರೇ ಟವಲ್ಲು ಕೊಡವ್ಕಂಡು ಸರಿದ್ರು, ಹಾಲಸ್ವಾಮೀನೂ ಸರಿದ. ಬೈಬೇಕು, ಯಾರನ್ನಾದ್ರೂ ಬೈಬೇಕು, ಹೋಟ್ಲಿನೋನನ್ನ, ಮಲ್ಲಕ್ಕನ್ನ, ಸಿಲಿಂಡ್ರಿನೋನನ್ನ, ಆದ್ರೆ ಬೈಗುಳ ಬಾಯಿತನಕ ಬಂದು ತಿರುಗಿ ಅವನ ಕಡೆಗೇ ಹೋಗ್ತಿತ್ತು, ಐದು ರೂಪಾಯಿ, ನಿನ್ನೆಗಿಂತ ಐದೇ ರೂಪಾಯಿ ಜಾಸ್ತಿ ಕಣೋ ಬೋರಾ, ಲೇ, ಐದು ರೂಪಾಯಿ — ಮನೆಗೆ ಹೋದ್ರೆ ಮುದ್ದಕ್ಕ ಎಷ್ಟಕ್ಕೆ ಅಂತ ಕೇಳಲ್ಲ, ರೇಟು ಕೇಳೋಳಲ್ಲ ಅವಳು, ಇವನ ಹಿಂದೆ ನೋಡ್ತಾಳೆ, ಹಿಂದೆ ಏನೂ ಬರ್ತಿಲ್ಲ ಅಂತ ನೋಡ್ತಾಳೆ, ಆಮೇಲೆ ಒಳಗೆ ಹೋಗಿ ತಟ್ಟೆ ಇಡ್ತಾಳೆ. ಚಾದ ಮೇಲೆ ಕೆನೆ ಕಟ್ಟತೊಡಗಿತ್ತು. ಟೆಂಪೋ ಶುರುವಾಯ್ತು, ತಿರುಗಿ ನೋಡಬೇಕು, ನೋಡಲ್ಲ, ನೋಡಿದ್ರೆ ಅದು ಕೂಗ್ತೈತೆ, ಲೋಟ ನೋಡು, ಲೋಟಾನೇ ನೋಡು, ಕೆನೆ ಕಟ್ಟಿದ ಹತ್ತು ಲೋಟ, ಟೆಂಪೋ ಬೆಂಚಿನ ಪಕ್ಕಾನೇ ಹಾದುಹೋಯ್ತು, ನೆಲ ಅದುರಿತು, ಹತ್ತು ಲೋಟದಲ್ಲೂ ಕೆನೆ ಸಣ್ಣಗೆ ನಡುಗಿತು, ಟೆಂಪೋ ಸದ್ದು ಅಡಗಿದ ಮೇಲೂ ನಡುಗ್ತಾನೇ ಇತ್ತು, ಹತ್ತು ಲೋಟ, ಯಾರೂ ಮುಟ್ಟದ ಹತ್ತು ಲೋಟ, ಕೆನೆ, ಆಮೇಲೆ ಅದೂ ನಿಂತ್ಕಂತು.