ಡಬ್ಬಿಯೊಳಗೆ ಮೊದಲೇ ಕೂತಿದ್ದವರು

ನನ್ನ ಮಗಳು ಸುರೇಖಾ ಎಂಟು ವರ್ಷದಿಂದ ಒಂದೇ ಆಟ ಆಡುತ್ತಿದ್ದಳು. ಒಂದೇ ಅಂದರೆ ಒಂದೇ. ಅಂಗೈ ಮೇಲೆ ಕೂರುವ ಬೂದು ಬಣ್ಣದ ಡಬ್ಬಿ, ಅದರಲ್ಲಿ ಹಸಿರು ತಿರುಗಿದ ಸಣ್ಣ ಪರದೆ, ಪರದೆಯೊಳಗೆ ಕತ್ತಿ ಹಿಡಿದು ಕಾಡು ಗುಡ್ಡ ಅಲೆಯುವ ಕಡಲೆಕಾಳಿನಷ್ಟು ಮನುಷ್ಯ. ಅವಳು ಹೈಸ್ಕೂಲಿನಲ್ಲಿದ್ದಾಗ ಸೋದರಮಾವ ಮುಂಬಯಿಯಿಂದ ತಂದುಕೊಟ್ಟಿದ್ದು. ಈಗ ಅವಳು ಹಾವೇರಿ ಕೋರ್ಟಿನಲ್ಲಿ ಟೈಪಿಸ್ಟ್. ಬ್ಯಾಡಗಿಯಿಂದ ಬಸ್ಸಿನಲ್ಲಿ ಹೋಗಿಬರುವಾಗ ಕಿಟಕಿ ಪಕ್ಕ ಕೂತು ಅದನ್ನೇ ಒತ್ತುತ್ತಾಳೆ. ಪರದೆಗೆ ಸ್ವಂತ ಬೆಳಕಿಲ್ಲ, ಬಿಸಿಲಿಗೆ ಹಿಡಿದರಷ್ಟೇ ಕಾಣುತ್ತದೆ. ಬಣ್ಣದ ಆಟ ಇರುವ ಹೊಸ ಮೊಬೈಲು ಕೊಡಿಸಿದೆ. ಅದನ್ನು ತಾಯಿಗೆ ಕೊಟ್ಟುಬಿಟ್ಟಳು.

ನಾನು ಕರಬಸಪ್ಪ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನನ್ನದು. ನಾನೂ ದಿನ ಬೆಳಗಾದರೆ ಅದೇ ಮೆಣಸಿನಕಾಯಿ ನೋಡುತ್ತೇನೆ, ಒಪ್ಪಿದೆ. ಆದರೆ ಅದರಿಂದ ಹೊಟ್ಟೆ ತುಂಬುತ್ತದೆ. ಇವಳಿಗೆ ಏನು ಸಿಗುತ್ತದೆ? ಒಂದು ದಿನ ಕೇಳಿಯೇ ಬಿಟ್ಟೆ.

“ಇನ್ನೂ ಮುಗದಿಲ್ಲೇನ ಆ ಆಟ?”

“ಯಾವಾಗೋ ಮುಗಿಸೇನಿ, ಅಪ್ಪಾ.”

“ಮತ್ತ್ಯಾಕ ಆಡ್ತಿ?”

“ಅಲ್ಲಿಗೆ ಹೋಗಬೇಕನಸ್ತೈತಿ.”

ಅಲ್ಲಿಗೆ ಅಂದರೆ ಎಲ್ಲಿಗೆ? ನನ್ನ ತಲೆಗೆ ಹತ್ತಲಿಲ್ಲ. ಟಿವಿ ರಿಮೋಟಿನ ಸೆಲ್ಲು ಹೋದಾಗ ಆ ಡಬ್ಬಿಯ ಸೆಲ್ಲು ಕಿತ್ತು ಹಾಕಿಕೊಂಡು ಸುಮ್ಮನಾದೆ.

ಆ ವರ್ಷ ಅವಳಿಗೆ ಒಳ್ಳೆಯ ಸಂಬಂಧ ಬಂತು. ತಂದವನು ನಮ್ಮ ಹನುಮಪ್ಪ. ಈ ಸೀಮೆಯ ಅರ್ಧ ಲಗ್ನಗಳು ಅವನ ಕೈಯಿಂದಲೇ ಆದವು. ಹುಡುಗ ಸುನೀಲಕುಮಾರ, ಮೇಡ್ಲೇರಿಯವನು, ರಾಣೇಬೆನ್ನೂರಿನಲ್ಲಿ ಹೈಸ್ಕೂಲ್ ಮಾಸ್ತರ. ಹಿಂದೆ ಬಂದವರನ್ನೆಲ್ಲ ಸುರೇಖಾ ಮೂಗು ಮುರಿದು ಕಳಿಸಿದ್ದಳು. ಇವನು ನನಗೆ ಬಾಗಿಲಲ್ಲೇ ಹಿಡಿಸಿದ. ಇದೊಂದು ಕೈತಪ್ಪಬಾರದು ಅಂತ ಮನೆದೇವರಿಗೆ ಹರಕೆ ಹೊತ್ತೆ.

ನಮ್ಮಪ್ಪನ ಕಾಲದಿಂದ ನಮ್ಮ ಅಂಗಡಿಗೂ ಮನೆಗೂ ಒಂದೇ ನೇಮ: ಬಂದವರು ನಿಲ್ಲಬಾರದು, ಇದ್ದವರು ಕೂತಿರಬಾರದು. ಯಾರೇ ಬರಲಿ, ಗಾದಿ ಮೇಲಿದ್ದವನು ಎದ್ದು ಜಾಗ ಬಿಡಬೇಕು. ಕನ್ಯಾ ನೋಡಲು ಬಂದವರಿಗಂತೂ ಕೇಳುವುದೇ ಬೇಡ. ಎಲ್ಲರನ್ನೂ ಕೂರಿಸಿ ನಾನು ನಿಂತೇ ಇದ್ದೆ. ಸುರೇಖಾ ಒಳಗೆ ತಾಯಿಯ ಜೊತೆ ಉಪ್ಪಿಟ್ಟು, ಶಿರಾ ತಾಟಿಗೆ ಹಾಕುತ್ತಿದ್ದಳು. ಅಷ್ಟರಲ್ಲಿ ಹುಡುಗನ ಕಣ್ಣು ಟಿವಿ ಮೇಲಿದ್ದ ಡಬ್ಬಿಗೆ ಬಿತ್ತು.

“ಅಯ್ಯ, ಈ ಆಟ ಇನ್ನೂ ಐತ್ರಿ ನಿಮ್ಮಲ್ಲಿ? ಧಾರವಾಡ ಹಾಸ್ಟೆಲ್‌ನಾಗ ಗೆಳ್ಯಾನ ಹಂತ್ಯಾಕ ಇತ್ರಿ. ಕಡೀತನಕ ಆಡಾಕ ಕೊಡಲೇ ಇಲ್ಲ ಅಂವ.”

ಮಾಸ್ತರನ ಮುಖ ಹುಡುಗರ ಮುಖದ ಹಾಗೆ ಅರಳಿತು. ನನಗೆ ಖುಷಿಯೋ ಖುಷಿ. “ಆಡ್ರಿ, ಆಡ್ರಿ, ನಿಮ್ಮದ ಮನಿ” ಅಂದೆ.

ಅವನು ಗುಂಡಿ ಒತ್ತಿದ, ಪರದೆ ನೋಡಿದ, ನಿಂತುಬಿಟ್ಟ. “ಇದರಾಗ ಮೊದಲ ಒಬ್ರು ಅದಾರ್ರಿ. ಹೆಸರ ಉಳಿಸಾಕ ಒಬ್ರಿಗಷ್ಟ ಜಾಗಾ ಐತಿ. ನಾ ಹೊಸದಾಗಿ ಶುರು ಮಾಡಿ ಉಳಿಸಿದ್ನೆಂದ್ರ ಅವ್ರು ಅಳಿಸಿ ಹೋಗ್ತಾರ. ನೀವ ನೋಡ್ರಿ ಯಾರಂತ.”

ನನ್ನ ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು. “ಯಾರರ ಇರ್ಲಿ ಬಿಡ್ರಿ, ಎಬ್ಬಸ್ರಿ ಅವ್ರನ್ನ! ಬಂದವ್ರಿಗೆ ಜಾಗಾ ಬಿಡೂದು ನಮ್ಮ ಪದ್ಧತಿ.”

“ಸುರೇಖಾ ಅವ್ರನ್ನ ಒಂದ ಮಾತ ಕೇಳಿ—”

“ಅಕಿನ್ನೇನ ಕೇಳ್ತೀರಿ? ನಾ ಹೇಳಾಕತ್ತಿಲ್ಲೇನು?”

ಅಷ್ಟಾದ ಮೇಲೂ ಬೇಡ ಎಂದರೆ ಮಾವನಾಗುವವನ ಮಾತು ಮೀರಿದಂತೆ. ಪಾಪ, ಆಡಿದ, ಆಡಿ, ನಾನು ಹೇಳಿದ ಹಾಗೆ ತನ್ನ ಹೆಸರನ್ನೇ ಉಳಿಸಿದ. ತಾಟು ಹಿಡಿದು ಬಂದ ಸುರೇಖಾ ಅವನ ಕೈಯಲ್ಲಿದ್ದ ಡಬ್ಬಿ ನೋಡಿದಳು, ಪರದೆ ನೋಡಿದಳು. ತಾಟು ಇಟ್ಟು ಒಳಗೆ ಹೋದವಳು ಬೀಗರು ಹೋಗುವ ತನಕ ಹೊರಗೆ ಬರಲಿಲ್ಲ.

ಮರುದಿನ ಹನುಮಪ್ಪ ಬಾಯಿತುಂಬ ನಗುತ್ತಾ ಬಂದ. ಮೇಡ್ಲೇರಿಯವರಿಗೆ ಒಪ್ಪಿಗೆ. ಸುರೇಖಾ ಮಾತ್ರ “ನಾ ಒಲ್ಲೆ” ಅಂದಳು.

“ಯಾಕ? ಏನ ಕಡಿಮಿ ಆಗೈತಿ ಹುಡುಗಗ?”

“ಇದ್ದವ್ರನ್ನ ಅಳಿಸಿ ತಾವು ಕುಂತ್ರು” ಅಂದವಳೇ ಅತ್ತುಬಿಟ್ಟಳು.

“ಯಾರವ ಅದರಾಗ ಇದ್ದಾಂವ?”

ಹೆಸರು ಹೇಳದೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಆಗ ನನಗೆ ಸಂಶಯ ಹತ್ತಿತು. ಎಂಟು ವರ್ಷ ಅಂಗೈಯಲ್ಲಿ ಹಿಡಿದು ಜೋಪಾನ ಮಾಡಿದ ಹೆಸರು ಯಾರದು? ಕೋರ್ಟಿನಲ್ಲಿ ಯಾರಾದರೂ ಇದ್ದಾನೆಯೇ? ಬಸ್ಸಿನಲ್ಲಿ? ನಮ್ಮಾಕಿಯನ್ನು ಕೇಳಿದರೆ “ನಿಮಗ ಬುದ್ಧಿ ಎಲ್ಲೈತ್ರಿ” ಅಂತ ಬೈದಳು. ಹಾಗೆಂದರೆ ಏನು, ಯಾರೋ ಇದ್ದಾನೆ ಅಂತಲೋ ಇಲ್ಲ ಅಂತಲೋ? ತೂಕದ ಕಲ್ಲಿನ ಹಾಗೆ ಆ ಪ್ರಶ್ನೆ ತಲೆ ಮೇಲೆ ಕೂತಿತು.

ಬಂದ ಭಾನುವಾರ ಸುನೀಲಕುಮಾರ ಒಬ್ಬನೇ ಅಂಗಡಿಗೆ ಬಂದ. ಸುರೇಖಾ ನನಗೆ ಬುತ್ತಿ ತಂದಿದ್ದಳು.

“ತಪ್ಪಾತ್ರಿ” ಅಂದ ಅವಳಿಗೆ. “ಲಗ್ನದ ಮಾತು ಬ್ಯಾರೆ. ಆ ಡಬ್ಬಿ ಕೊಡ್ರಿ. ಮೊದಲಿಂದ ಆಡಿ ಅವ್ರನ್ನ ಎಲ್ಲಿ ನಿಂತಿದ್ರೋ ಅಲ್ಲಿಗೆ ತಂದ ಬಿಡ್ತೀನಿ.”

“ಯಾರನ್ನ?” ಅಂದೆ ನಾನು.

ಅವನು ಅವಳ ಮುಖ ನೋಡಿದ. “ಅವ್ರ ಹೇಳಲಿಲ್ಲಂದ್ರ ನಾ ಹೆಂಗ ಹೇಳ್ಲಿರಿ?”

ಸುರೇಖಾ ಚೀಲದಿಂದ ಡಬ್ಬಿ ತೆಗೆದಳು. “ಮನೀಗೆ ಒಯ್ಯಾಂಗಿಲ್ಲ. ಇಲ್ಲೇ ಕುಂತು ಆಡ್ರಿ.”

ಭಾನುವಾರ ಪೇಟೆಯಲ್ಲಿ ಸವಾಲು, ಅಂದರೆ ಹರಾಜು, ಇರುವುದಿಲ್ಲ. ಹೆಣ್ಣಾಳುಗಳು ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಆ ಘಾಟಿನಲ್ಲಿ, ಚೀಲದ ಮೇಲೆ, ಬಾಗಿಲ ಬಿಸಿಲಿಗೆ ಪರದೆ ಹಿಡಿದು ಮಾಸ್ತರ ಸೀನುತ್ತಾ ಆಡಿದ. ಮುಂದಿನ ಭಾನುವಾರವೂ ಬಂದ, ಅದರ ಮುಂದಿನದೂ. “ಲಗ್ನಕ್ಕಿಂತ ಮೊದಲ ಕಣ್ಣೀರು ಹಾಕ್ಸಾಕತ್ತೀರಲ್ರಿ ಸಾವಕಾರ್ರ!” ಅಂತ ಹೆಂಗಸರು ನಕ್ಕರು.

ಮೊದಲು ದೂರ ನಿಂತು ನೋಡುತ್ತಿದ್ದ ಸುರೇಖಾ ಆಮೇಲೆ ಹತ್ತಿರದ ಚೀಲಕ್ಕೆ ಬಂದಳು. “ಆ ಮುದುಕಿಗೆ ಮೊದಲ ಮೀನ ಕೊಡ್ರಿ, ಇಲ್ಲಂದ್ರ ದೋಣಿ ಬಿಡಾಂಗಿಲ್ಲ” ಅನ್ನುವಳು. ಅವನು “ಹೌದೇನ್ರಿ, ಇಷ್ಟ ದಿನ ಗೊತ್ತ ಇದ್ದಿಲ್ಲ” ಅನ್ನುವನು. ಒಲ್ಲೆ ಅಂದವಳು ನಗುತ್ತಿದ್ದಾಳೆ, ಒಪ್ಪಿದವನು ಇನ್ನೊಬ್ಬನನ್ನು ಹುಡುಕಿ ತರುತ್ತಿದ್ದಾನೆ. ನಾನು ಯಾರ ಪರ ಹರಕೆ ಹೊರಬೇಕು, ದೇವರಿಗೇ ಗೊತ್ತು.

ಕೊನೆಗೊಂದು ಭಾನುವಾರ ಘಾಟು ತಡೆಯದೆ ಅವನು ಕಣ್ಣು ತೊಳೆಯಲು ಎದ್ದ. “ಹಿಡೀರಿ, ಏನೂ ಒತ್ತಬ್ಯಾಡ್ರಿ” ಅಂತ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ.

ಈ ಸಲ ಕನ್ನಡಕ ಇತ್ತು. ಬಿಸಿಲಿಗೆ ಹಿಡಿದೆ. ಹೊಳೆ, ದೋಣಿ, ದಂಡೆಯ ಮೇಲೆ ಮುದುಕಿ, ಅವಳೆದುರು ಆ ಕಾಳಿನಷ್ಟು ಮನುಷ್ಯ. ಕೆಳಗೆ ಮುದುಕಿಯ ಮಾತು ಇಂಗ್ಲಿಷಿನಲ್ಲಿ. ಲಾರಿ ನಂಬರು, ಚೀಲದ ಮಾರ್ಕು ಓದಿ ಓದಿ ನನಗೆ ಆ ಅಕ್ಷರ ಗೊತ್ತು. ಮುದುಕಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಎ, ಪಿ, ಪಿ, ಎ. ಕೂಡಿಸಿ ಓದಿದೆ. ನಂಬಿಕೆ ಬರದೆ ಮತ್ತೆ ಓದಿದೆ.

“ಸುರೇಖಾ, ಇದರಾಗ ಇದ್ದಾಂವ ನಾನೇನ?”

“ಮತ್ತ್ಯಾರು?” ಅಂದಳು. “ಹೆಸರ ಬರಿ ಅಂತ ಕೇಳ್ತು, ಬರದೆ. ನೀ ಈ ಅಂಗಡಿ ಬಿಟ್ಟು ಮಗ್ಗಲದ ಮೋಟೆಬೆನ್ನೂರ ದಾಟಾಂವಲ್ಲ. ಎಲ್ಲಿಗರ ಹೋಗೂಣು ಅಂದ್ರ ನಾಳೆ ಪ್ಯಾಟಿ ಐತಿ, ಸುಗ್ಗಿ ಮುಗೀಲಿ ಅಂತಿದ್ದಿ. ಅದಕ್ಕ ನಾನ ನಿನ್ನ ಕರ್ಕೊಂಡ ತಿರಗ್ತಿದ್ದೆ. ಹೊಳಿ ತೋರ್ಸೇನಿ, ಸಮುದ್ರ ತೋರ್ಸೇನಿ.”

ಹಾಗಾದರೆ ಅವತ್ತು ಎಬ್ಬಸ್ರಿ ಅಂತ ನಾನು ಹೇಳಿದ್ದು ನನ್ನನ್ನೇ. ನನಗೆ ಅಳು ಬಂತು. ಘಾಟು ಅನ್ನಬಹುದಿತ್ತು, ಅನ್ನಲಿಲ್ಲ.

ಸುನೀಲಕುಮಾರ ಮುಖ ಒರೆಸಿಕೊಳ್ಳುತ್ತಾ ಬಂದ. ಡಬ್ಬಿ ತೆಗೆದುಕೊಂಡು ದೋಣಿ ದಾಟಿಸಿ, ಆ ಮನುಷ್ಯ ಮೊದಲು ನಿಂತಿದ್ದ ಕೋಟೆಯ ಬಾಗಿಲ ಮುಂದೆಯೇ ನಿಲ್ಲಿಸಿದ. “ಮುಟ್ಟಿದ್ವಿರಿ. ಉಳಿಸ್ಲೇನ್ರಿ?”

“ನನ್ನ್ಯಾಕ ಕೇಳ್ತೀರಿ? ಅಕಿನ್ನ ಕೇಳ್ರಿ” ಅಂದೆ.

ಅವನು ಅವಳ ಕಡೆ ತಿರುಗಿದ.

“ಉಳಿಸ್ರಿ” ಅಂದಳು ಸುರೇಖಾ. ಆಮೇಲೆ ನನಗೆ, “ಹನುಮಪ್ಪ ಕಾಕಾಗ ಹೇಳು, ಮೇಡ್ಲೇರಿಗೆ ಹೋಗಿ ಅವ್ರ ಮನಿ ನೋಡ್ಕೊಂಡ ಬರೂಣಂತ. ನೀ ಬರಬೇಕು ಮತ್ತ.”

ಮರುದಿನ ಸೋಮವಾರ. ಸವಾಲಿನ ದಿನ, ಜ್ವರ ಬಂದರೂ ನಾನು ಅಂಗಡಿ ತಪ್ಪಿಸಿದವನಲ್ಲ.

“ನಾಳೇನ ಹೋಗೂಣು” ಅಂದೆ.